ಒಂದು ರಾತ್ರಿಯ ಕಾಲಾವಕಾಶ

ಮುಚ್ಚಳ ಪಕ್ಕಕ್ಕೆ ಸರಿಯಿತು. ಒಳಗೆ ಮಲಗಿದ್ದವನ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಕಣ್ಣು ಬಿಡುವ ಮೊದಲೇ ಅವನ ಬಾಯಿಂದ ಮಾತು ಬಂತು.

"...ಬೆಳಿಗ್ಗೆ ಹೇಳ್ತೆ ಒಡೆಯಾ. ಒಂದು ರಾತ್ರಿ ಕೊಡಿ, ಸಾಕು."

ಆ ವಾಕ್ಯದ ಮೊದಲ ಪದ 'ನಾಳೆ'. ಜಟ್ಟಪ್ಪ ಮೊಗೇರ ಅದನ್ನು ಆಡಿ ಹನ್ನೆರಡು ವರ್ಷವಾಗಿತ್ತು. ಅವತ್ತು ವಾಕ್ಯ ಪೂರ್ತಿಯಾಗುವಷ್ಟು ತಾಳ್ಮೆ ಪರಿಶೀಲನಾ ಮಂಡಳಿಗೆ ಇರಲಿಲ್ಲ. ಊಟದ ಹೊತ್ತಾಗಿತ್ತು, ತಂತ್ರಜ್ಞನಿಗೆ ಸನ್ನೆಯಾಗಿತ್ತು, ಸೂಜಿ ಇಳಿದಿತ್ತು. ಅರ್ಧದಲ್ಲಿ ನಿಂತ ಮಾತನ್ನು ಅವನು ಈಗ ಮುಗಿಸಿ, ಎದ್ದು ಕುಳಿತು, ಎದುರಿಗಿದ್ದವರನ್ನು ನೋಡಿದ. ಕುರ್ಚಿಗಳಲ್ಲಿ ಬೇರೆಯೇ ಜನ ಕುಳಿತಿದ್ದರು, ಗೋಡೆಯ ಬಣ್ಣವೂ ಬದಲಾಗಿತ್ತು. ಹಿಂದಿನ ಅಧ್ಯಕ್ಷರು ತೀರಿಕೊಂಡು, ಬಂದರಿನ ರಸ್ತೆಯೊಂದಕ್ಕೆ ಅವರ ಹೆಸರಿಟ್ಟೂ ಆಗಿತ್ತು.

ಜಟ್ಟಪ್ಪನ ವಯಸ್ಸು ಮೂವತ್ತನಾಲ್ಕು. ಅವನು ಹುಟ್ಟಿದ್ದು ಎಪ್ಪತ್ತೊಂದು ವರ್ಷಗಳ ಹಿಂದೆ. ಇವೆರಡೂ ಒಟ್ಟಿಗೆ ನಿಜವಾಗಲು ಕಾರಣ ಅವನು ಕುಳಿತಿದ್ದ ಆ ಪೆಟ್ಟಿಗೆ. ಅದರ ಹೆಸರು 'ಕಾಲಸ್ತಂಭಕ'.

ಕಾಲಸ್ತಂಭಕವನ್ನು ಕಂಡುಹಿಡಿದವರು ಡಾ. ಪ್ರಭಂಜನ ಗಲಗಲಿ. ಮಂಜುಗಡ್ಡೆಯಲ್ಲಿಟ್ಟ ಮೀನು ಬೇಗ ಕೊಳೆಯುವುದಿಲ್ಲ, ಆದರೆ ಅದಕ್ಕೆ ಮತ್ತೆ ಜೀವ ಬರುವುದೂ ಇಲ್ಲ. ಜೀವಕೋಶದೊಳಗಿನ ನೀರು ಹೆಪ್ಪುಗಟ್ಟುವಾಗ ಸೂಜಿಯಂಥ ಹರಳುಗಳಾಗಿ ಕೋಶವನ್ನೇ ಸೀಳಿಬಿಡುತ್ತದೆ. ಗಲಗಲಿಯವರು ಈ ಹರಳುಗಳು ಹುಟ್ಟದಂತೆ ತಡೆಯುವ 'ಹರಳುರೋಧಕ ದ್ರವ'ವೊಂದನ್ನು ತಯಾರಿಸಿದರು. ಅದನ್ನು ರಕ್ತನಾಳಗಳಲ್ಲಿ ಹರಿಸಿ ದೇಹವನ್ನು ತಣ್ಣಗಾಗಿಸಿದರೆ ಎಲ್ಲ ಕ್ರಿಯೆಗಳೂ ಇದ್ದಲ್ಲೇ ನಿಲ್ಲುತ್ತವೆ. ಕೂದಲು ಬೆಳೆಯುವುದಿಲ್ಲ, ಹಸಿವಾಗುವುದಿಲ್ಲ, ಕನಸೂ ಬೀಳುವುದಿಲ್ಲ. ಎಷ್ಟು ವರ್ಷ ಕಳೆದರೂ ಒಳಗಿದ್ದವನಿಗೆ ಅದು ಕಣ್ಣು ಮುಚ್ಚಿ ತೆರೆದಷ್ಟೇ ಹೊತ್ತು. ಕಸಿ ಮಾಡಲು ಅಂಗಾಂಗ ಸಿಗದೆ ಸಾಯುವ ರೋಗಿಗಳನ್ನು ಉಳಿಸಬೇಕೆಂಬುದು ಅವರ ಆಸೆಯಾಗಿತ್ತು. ಆದರೆ ಅಷ್ಟರಲ್ಲಿ ದ್ವೀಪ ಒಕ್ಕೂಟದೊಂದಿಗೆ ಯುದ್ಧ ಶುರುವಾಯಿತು, ಆಸ್ಪತ್ರೆಗಿಂತ ಮೊದಲು ಸರ್ಕಾರಕ್ಕೆ ಪೆಟ್ಟಿಗೆಗಳು ಬೇಕಾದವು.

ವಿಚಾರಣೆಯಿಲ್ಲದೆ ಯಾರನ್ನೂ ಬಹುಕಾಲ ಬಂಧನದಲ್ಲಿಡುವಂತಿಲ್ಲ ಎಂಬ ಕಾನೂನು ಆಗಲೂ ಇತ್ತು, ಈಗಲೂ ಇದೆ. ಸರ್ಕಾರದ ವಕೀಲರು ಕೇಳಿದ ಪ್ರಶ್ನೆ ಬಹಳ ಸರಳ. ಬಂಧನವೆಂದರೆ ಮನುಷ್ಯನ ಕಾಲವನ್ನು ಕಸಿದುಕೊಳ್ಳುವುದು ತಾನೇ? ಪೆಟ್ಟಿಗೆಯಲ್ಲಿರುವವನ ಒಂದು ಕ್ಷಣವೂ ಖರ್ಚಾಗುವುದಿಲ್ಲ ಎಂದಮೇಲೆ ಅವನಿಂದ ಕಸಿದದ್ದಾದರೂ ಏನು? ನ್ಯಾಯಾಲಯ ತಲೆದೂಗಿತು. ಸ್ತಂಭನ ಬಂಧನವಲ್ಲ ಎಂದು ತೀರ್ಪಾಯಿತು. ಕಲ್ಮುಡಿ ಬಂದರಿನಲ್ಲಿ ಮೀನಿನ ಶೈತ್ಯಾಗಾರವಾಗಿದ್ದ ಕಟ್ಟಡವನ್ನು ತೊಳೆದು ಸಾಲಾಗಿ ಪೆಟ್ಟಿಗೆ ಇಟ್ಟರು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಒಳಗಿದ್ದವರು ದೂರು ಹೇಳುವ ಸ್ಥಿತಿಯಲ್ಲಿರಲಿಲ್ಲ.

ದಯೆಗೇನೂ ಕಮ್ಮಿಯಿರಲಿಲ್ಲ. ಪ್ರತಿಯೊಬ್ಬನನ್ನೂ ಆರು ತಿಂಗಳಿಗೊಮ್ಮೆ ಎಬ್ಬಿಸಿ, ಇವನಿನ್ನೂ ಅಪಾಯಕಾರಿಯೇ ಎಂದು ಪರಿಶೀಲಿಸಬೇಕೆಂದು ನಿಯಮ ಮಾಡಿದ್ದರು. ಮಲಗಿದವರಿಗೆ ಏನು ಅವಸರ ಎಂದು ಯಾರೋ ಅಂದರು. ಆರು ತಿಂಗಳು ನಾಲ್ಕು ವರ್ಷವಾಯಿತು, ಆಮೇಲೆ ಒಂಬತ್ತಾಯಿತು, ಹನ್ನೆರಡಾಯಿತು, ಮತ್ತೊಮ್ಮೆ ಹನ್ನೆರಡಾಯಿತು. ಯುದ್ಧ ನಿಂತು ಒಂದು ತಲೆಮಾರು ಕಳೆದಿತ್ತು. ಆ ದ್ವೀಪಗಳಿಗೆ ಈಗ ವಾರಕ್ಕೆರಡು ಪ್ರವಾಸಿ ಹಡಗು ಹೋಗುತ್ತಿದ್ದವು, ಮಂಡಳಿಯ ಅಧ್ಯಕ್ಷರೇ ಹೋದ ಬೇಸಿಗೆಯಲ್ಲಿ ಕುಟುಂಬಸಮೇತ ಹೋಗಿ ಬಂದಿದ್ದರು. ಆದರೆ ಸಮುದ್ರದ ನಡುವಿನ ಒಂದು ಬಂಡೆ ಯಾರದೆಂದು ತೀರ್ಮಾನವಾಗದ ಕಾರಣ 'ಯುದ್ಧ ಮುಗಿಯಿತು' ಎಂಬ ಘೋಷಣೆ ಹೊರಬಿದ್ದಿರಲಿಲ್ಲ. ಹಾಗಾಗಿ ಪೆಟ್ಟಿಗೆಗಳೂ ತೆರೆದಿರಲಿಲ್ಲ.

ಜಟ್ಟಪ್ಪ ಮಾಡಿದ ಅಪರಾಧ, ನೀರಿನಲ್ಲಿ ತೇಲುತ್ತಿದ್ದ ಒಬ್ಬ ಮನುಷ್ಯನನ್ನು ದೋಣಿಗೆ ಎತ್ತಿಕೊಂಡದ್ದು. ಕಲ್ಮುಡಿಯ ಮೀನುಗಾರ ಮೊಗೇರರಲ್ಲಿ ಒಂದು ಪದ್ಧತಿಯಿತ್ತು. ನೀರಿನಿಂದ ಮೇಲೆ ಬಂದವನು ಗಂಜಿ ಕುಡಿದು ಮುಗಿಸುವವರೆಗೆ ಅವನ ಹೆಸರು, ಊರು ಕೇಳಬಾರದು. ಆ ಮನುಷ್ಯ ಗಂಜಿ ಕುಡಿದು ಮುಗಿಸಿದ್ದೇ, ತಾನು ಹೋಗಬೇಕಾದ ದಿಕ್ಕಿಗೆ ಹೊರಟಿದ್ದ ಇನ್ನೊಂದು ದೋಣಿ ಹತ್ತಿ ಹೋದ. ಮರುದಿನ ಬಂದ ಸೈನಿಕರು "ಯಾರವನು?" ಎಂದು ಕೇಳಿದಾಗ ಜಟ್ಟಪ್ಪ "ನಾ ಕೇಳ್ಲಿಲ್ಲ" ಎಂದ. ಪ್ರಾಣ ಉಳಿಸಿದವನು ಹೆಸರನ್ನೂ ಕೇಳಲಿಲ್ಲ ಎಂದರೆ ಯಾರು ನಂಬುತ್ತಾರೆ? ತೇಲುತ್ತಿದ್ದವನು ಶತ್ರುವಿನ ನೌಕಾಪಡೆಯವನೆಂದು ಜಟ್ಟಪ್ಪನಿಗೆ ತಿಳಿಸಿದ್ದು ಆ ಸೈನಿಕರೇ.

ಬಿಡುಗಡೆಗೆ ಮಂಡಳಿ ಕೇಳುತ್ತಿದ್ದುದು ಒಂದೇ ಒಂದು ಮುಚ್ಚಳಿಕೆ. ಗುರುತು ತಿಳಿಯದ ಯಾರನ್ನೂ, ಕಾವಲುಪಡೆಯ ಅನುಮತಿಯಿಲ್ಲದೆ ನೀರಿನಿಂದ ಎತ್ತುವುದಿಲ್ಲ ಎಂದು ಅವನು ಆಣೆ ಮಾಡಬೇಕು. ಬೇರೆ ಯಾರಾದರೂ ಹೂಂ ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ಆದರೆ ಆ ಮೊಗೇರರಲ್ಲಿ ಕಡಲಿನ ಬಗ್ಗೆ ಕೊಡುವ ಮಾತಿಗೆ ಒಂದು ರಾತ್ರಿ ಬೇಕು. ಕೇಳಿದ ತಕ್ಷಣ ಕೊಟ್ಟದ್ದು ಅವರ ಪ್ರಕಾರ ಮಾತೇ ಅಲ್ಲ. ಮಲಗಿ, ಎದ್ದು, ನೀರಿನ ಮುಖ ನೋಡಿ ಹೇಳಬೇಕು. ಆದ್ದರಿಂದ ಅವನು ಪ್ರತಿ ಪರಿಶೀಲನೆಯಲ್ಲೂ "ನಾಳೆ ಬೆಳಿಗ್ಗೆ ಹೇಳ್ತೆ" ಎನ್ನುತ್ತಿದ್ದ. ಬಂಧಿತನು ಆಲೋಚಿಸಲು ಕಾಲಾವಕಾಶ ಕೋರಿದ್ದಾನೆ, ಮಂಡಳಿಯು ಉದಾರವಾಗಿ ನೀಡಿದೆ ಎಂದು ದಾಖಲಾಗುತ್ತಿತ್ತು. ಮುಚ್ಚಳ ಬೀಳುತ್ತಿತ್ತು. ಬಂಧಿಸಿದ ದಿನದ ಮಧ್ಯಾಹ್ನವೇ ಅವನಿಗೆ ಇನ್ನೂ ಕಳೆದಿರಲಿಲ್ಲ.

ಬಂಧಿಸಿದ ದಿನದ್ದೂ ಸೇರಿ ಇದು ಐದನೆಯ ಪರಿಶೀಲನೆ. ಗಾಜಿನ ಗೋಡೆಯ ಈಚೆಗೆ, ಆಚೆಯವರಿಗೆ ಕಾಣದಂತೆ, ಅವನ ಮಗಳು ಮಾದೇವಿ ಕುಳಿತಿದ್ದಳು. ಅಪ್ಪನನ್ನು ಹಿಡಿದೊಯ್ದಾಗ ಅವಳಿಗೆ ಆರು ವರ್ಷ. ಈಗ ನದಿ ಕಡಲು ಸೇರುವ ಅಳಿವೆಯಲ್ಲಿ ಬೆಳಚೆಂಬ ಚಿಪ್ಪುಮೀನು ಹೆಕ್ಕಿ ಮಾರಿ ಬದುಕುವ, ಕೈಯೆಲ್ಲ ಚಿಪ್ಪಿನ ಗೀರುಗಳಾದ ನಡುವಯಸ್ಸಿನ ಹೆಂಗಸು. ಸಂಬಂಧಿಕರು ನೋಡಬಹುದು, ಮಾತಾಡುವಂತಿಲ್ಲ ಎಂಬುದು ನಿಯಮ. ಮೊದಲ ಮೂರು ಸಲ ಅವ್ವನೂ ಜೊತೆಗಿದ್ದಳು. ಆಮೇಲೆ ಇವಳೊಬ್ಬಳೇ.

ಯಂತ್ರದ ತಪಾಸಣೆಗೆಂದು ಬಂದಿದ್ದ ಗಲಗಲಿಯವರು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವರಿಗೆ ಆಗಲೇ ಅರವತ್ತೈದು.

"ಹೆದರಬೇಡಿ ತಾಯಿ. ಅವರಿಗೆ ನೋವು ಅಂತ ಏನೂ ಆಗಿರೋದಿಲ್ಲ," ಎಂದರು.

"ಒಳಗೆ ಇದ್ದಾಗ ಅಪ್ಪಂಗೆ ಎಂತಾದ್ರೂ ಯೋಚ್ನೆ ಬತ್ತದ್ಯಾ ಡಾಕ್ಟ್ರೇ?"

"ಇಲ್ಲ. ಮಿದುಳಿನ ಕ್ರಿಯೆ ಪೂರ್ತಿ ನಿಂತಿರುತ್ತದೆ. ಅದೇ ಇದರ ವಿಶೇಷ. ಜೈಲಿನಲ್ಲಿ ಕೊರಗಿ ಕೊರಗಿ ಹುಚ್ಚು ಹಿಡಿದವರನ್ನ ನಾನು ನೋಡಿದ್ದೇನೆ. ಇಲ್ಲಿ ಕೊರಗೋದಕ್ಕೆ ಹೊತ್ತೇ ಇಲ್ಲ."

"ಕನಸು?"

"ಕನಸೂ ಇಲ್ಲ."

ಮಾದೇವಿ ಗಾಜಿನಾಚೆ ನೋಡಿದಳು. ಅಪ್ಪ ತನಗಿಂತ ಚಿಕ್ಕವನಾಗಿ ಕಾಣುತ್ತಿದ್ದ. "ಅಂವ ಕೇಳಿದ್ದು ಒಂದು ರಾತ್ರಿ. ಇವ್ರು ವರ್ಷಗಟ್ಟಲೆ ಕೊಟ್ವಿ ಅಂತಾರೆ. ಅಷ್ಟರಲ್ಲಿ ಅಂವಂಗೆ ಒಂದು ರಾತ್ರಿನೂ ಆಗ್ಲಿಲ್ಲ ಅಲ್ವ್ರಾ?"

ಗಲಗಲಿಯವರು ಗಾಜಿನಾಚೆಯ ಪೆಟ್ಟಿಗೆಯತ್ತ ತಿರುಗಿದರು.

"ಮತ್ತೆ ಈ ಮೂವತ್ತೇಳು ವರ್ಷ ಯಾರ್ದು ಹೋಯ್ತು ಡಾಕ್ಟ್ರೇ? ಅವ್ವ ಕಾದು ಕಾದು ಸತ್ತಳು. ನಾ ಮದ್ವೆ ಆಗ್ಲಿಲ್ಲ, ಅಪ್ಪ ಬರ್ಲಿ ಅಂದೆ. ಜೈಲಲ್ಲಿ ಇದ್ದದ್ದು ನಾವಲ್ವ್ರಾ?"

ತಮ್ಮ ಆವಿಷ್ಕಾರದ ಬಗ್ಗೆ ಗಲಗಲಿಯವರು ಹದಿನೆಂಟು ದೇಶಗಳಲ್ಲಿ ಉಪನ್ಯಾಸ ಕೊಟ್ಟಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾಚಿಕೆಯ ಸಂಗತಿಯೆಂದರೆ ಅವರೂ ಕೇಳಿಕೊಂಡಿರಲಿಲ್ಲ. ಎದ್ದು ನೇರವಾಗಿ ಒಳಗೆ ಹೋದರು.

ಮಂಡಳಿಯ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ರಾಜಶೇಖರ ಬಳಿಗಾರ. ಕೆಟ್ಟವರಲ್ಲ. ಗಲಗಲಿಯವರ ವಾದವನ್ನು ತಾಳ್ಮೆಯಿಂದ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಹೇಳೋದು ಅರ್ಥವಾಯ್ತು ಡಾಕ್ಟರೇ. ಆದರೆ ರಾತ್ರಿಯಿಡೀ ಎಚ್ಚರವಾಗಿಟ್ಟರೆ ಅದು ಸ್ತಂಭನ ಅಲ್ಲ, ಬಂಧನ ಆಗುತ್ತೆ. ವಿಚಾರಣೆಯಿಲ್ಲದ ಬಂಧನ ಕಾನೂನುಬಾಹಿರ. ಒಂದು ರಾತ್ರಿ ಕೊಡೋ ಅಧಿಕಾರ ನಮಗಿಲ್ಲ. ಬೇಕಾದರೆ ಇನ್ನೂ ಹದಿನೈದು ವರ್ಷ ಕೊಡ್ತೀವಿ."

ಅವರು ತಮಾಷೆ ಮಾಡುತ್ತಿರಲಿಲ್ಲ.

ಗಲಗಲಿಯವರು ಜೀವನದಲ್ಲಿ ಮೊದಲ ಸಲ ತಮ್ಮ ಯಂತ್ರದ ಬಗ್ಗೆ ಸುಳ್ಳು ಹೇಳಿದರು. ಹರಳುರೋಧಕ ದ್ರವ ಕೆಟ್ಟಿದೆ, ಹೊಸದು ತಯಾರಾಗುವುದು ನಾಳೆ ಬೆಳಿಗ್ಗೆಯೇ, ಈಗ ಮಲಗಿಸಿದರೆ ಮನುಷ್ಯ ಸಾಯುತ್ತಾನೆ ಎಂದರು. ತಾಂತ್ರಿಕ ಕಾರಣವೆಂದರೆ ಬಳಿಗಾರರಿಗೆ ಅಭ್ಯಂತರವಿರಲಿಲ್ಲ. ಪರಿಶೀಲನೆಯನ್ನು ಮರುದಿನಕ್ಕೆ ಮುಂದೂಡಿದರು.

ಸಂಜೆ ಗಲಗಲಿಯವರ ಮಾತಿಗೆ ಕಾವಲಿನವರು ನಿಯಮ ಬದಿಗಿಟ್ಟು ಹಿಂಬದಿಯ ಕೋಣೆಗೆ ಮಾದೇವಿಯನ್ನು ಬಿಟ್ಟರು. ಜಟ್ಟಪ್ಪ ಎದ್ದು ನಿಂತು ಕೈಮುಗಿದ. ಅವನು ಅವಳನ್ನು ಯಾರೋ ಅಧಿಕಾರಿಯೆಂದುಕೊಂಡಿದ್ದ.

"ಅಪ್ಪಾ, ನಾ ಮಾದೇವಿ."

ಅವನು ನಕ್ಕ. ಮಾದೇವಿಯೆಂದರೆ ಅವನಿಗೆ ಬೆಳಿಗ್ಗೆಯಷ್ಟೇ ಅಂಗಳದಲ್ಲಿ ಮೂಗು ಸೋರಿಸುತ್ತ ನಿಂತಿದ್ದ ಕೂಸು. ಅವಳು ತನ್ನ ಬಲಗಿವಿಯ ಹಿಂದಿನ ಸುಟ್ಟ ಕಲೆ ತೋರಿಸಿದಳು. ಒಲೆಯ ಮೇಲಿನ ಮೀನಿನ ಸಾರು ಚೆಲ್ಲಿ ಆದದ್ದು. ನಗು ನಿಂತಿತು. ಅವನು ಅವಳ ಕೂದಲು ಮುಟ್ಟಿದ, ಕೈ ಹಿಡಿದು ಗೀರುಗಳನ್ನು ನೋಡಿದ, ಮತ್ತೆ ಮುಖ ನೋಡಿದ.

"ಅವ್ವ?" ಎಂದ.

ಅವಳು ಎಲ್ಲವನ್ನೂ ಹೇಳಿದಳು. ಬೇರೆಯವರು ವರ್ಷಕ್ಕಿಷ್ಟು ಎಂದು ಹಂಚಿಕೊಂಡು ಅನುಭವಿಸುವ ದುಃಖ ಅವನಿಗೆ ಒಂದೇ ಗಂಟೆಯಲ್ಲಿ ಬಂತು. ಹೆಂಡತಿ ಹೋಗಿ ಹದಿನೈದು ವರ್ಷ. ದೋಣಿ ಮಾರಿದ್ದು ಅದಕ್ಕೂ ಹಿಂದೆ. ತಮ್ಮ ಮುದುಕನಾಗಿ ಹಾಸಿಗೆ ಹಿಡಿದಿದ್ದಾನೆ. ಜಟ್ಟಪ್ಪ ಗೋಡೆಗೊರಗಿ ಕುಳಿತು ಕೇಳಿದ. ಅಳಲು ಎಲ್ಲಿಂದ ಶುರು ಮಾಡಬೇಕೆಂದೂ ಅವನಿಗೆ ತಿಳಿಯಲಿಲ್ಲ.

"ಮಾತು ಕೊಟ್ಟುಬಿಡು ಅಪ್ಪಾ," ಎಂದಳು ಮಾದೇವಿ. "ನಂಗೆ ಸಾಕಾಯ್ತು. ಇನ್ನೊಂದ್ಸಲ ಕಾಯೂಕೆ ನನ್ನ ಕೈಲಿ ಆಗೂದಿಲ್ಲ."

"ನೀರಲ್ಲಿ ಒಬ್ಬ ಮುಳುಗ್ತಾ ಇದ್ರೆ ನೋಡ್ತಾ ಕೂರ್ತೆ ಅಂತ ಆಣೆ ಮಾಡೂದಾ ಕೂಸೇ?"

"ಹೌದು. ಮಾಡು. ನಂಗಾಗಿ ಮಾಡು."

ಅವಳಿಗೆ ಬೇರೆ ದಾರಿಯಿರಲಿಲ್ಲ. ಓದುವವರು ಅವಳನ್ನು ದೂರಬಾರದು.

ಆ ರಾತ್ರಿ ಜಟ್ಟಪ್ಪ ಮಲಗಿದ. ಬೆಳಕು ಹರಿದಾಗ, ಹಿಂದೆ ಮೀನಿನ ಬುಟ್ಟಿ ಇಳಿಸುತ್ತಿದ್ದ ಹಿತ್ತಲ ಬಾಗಿಲಲ್ಲಿ ನಿಂತು ನೀರಿನ ಮುಖ ನೋಡಿದ. ಮಂಡಳಿಯ ಮುಂದೆ ಬಂದು ನಿಂತು, ಕೇಳಿದ್ದನ್ನೆಲ್ಲ ಒಪ್ಪಿ ಆಣೆ ಮಾಡಿದ. ಗಾಜಿನ ಈಚೆ ಮಾದೇವಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು, ಸಂತೋಷಕ್ಕೆ.

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೂವತ್ತೇಳು ವರ್ಷ ಒಂದೇ ಪಟ್ಟು ಹಿಡಿದವನು ರಾತ್ರೋರಾತ್ರಿ ಬದಲಾದ ಅಂದ್ರೆ ನಂಬೋದು ಹೇಗೆ?" ಎಂದರು ಒಬ್ಬ ಸದಸ್ಯರು. "ಮಗಳು ಹೇಳಿಕೊಟ್ಟಿರಬಹುದು."

ಬಳಿಗಾರರಿಗೂ ಅದು ನ್ಯಾಯವೆನಿಸಿತು. ಮನಃಪರಿವರ್ತನೆಯಾಗಿದೆ, ಸಂತೋಷ. ಆದರೆ ಅದು ನಿಲ್ಲುತ್ತದೆಯೇ ಎಂದು ನೋಡಬೇಡವೇ? ಬಂಧಿತನು ಕೊಟ್ಟ ಮಾತು ಕಾಲದ ಪರೀಕ್ಷೆಯಲ್ಲಿ ಉಳಿಯುವುದೋ ಎಂದು ಮುಂದಿನ ಪರಿಶೀಲನೆಯಲ್ಲಿ ತಿಳಿಯಲಿ ಎಂದು ಆದೇಶ ಬರೆಸಿದರು. ಕರುಣೆಯಿಂದ ಅವಧಿಯನ್ನು ಹದಿನೈದರಿಂದ ಒಂಬತ್ತಕ್ಕೆ ಇಳಿಸಿದರು. ಗಲಗಲಿಯವರು ಮೇಜು ಕುಟ್ಟಿ ಕೂಗಾಡಿದರು, ಕಾವಲಿನವರು ಬಂದು ಅವರನ್ನು ಹೊರಗೆ ಕಳಿಸಿದರು. ಜಟ್ಟಪ್ಪನಿಗೆ ಆದೇಶದ ಭಾಷೆ ಅರ್ಥವಾಗುವಷ್ಟರಲ್ಲಿ ಸೂಜಿ ಇಳಿದಿತ್ತು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಬಳಿಗಾರರಿಗೆ ಒಂದು ವಿಚಾರ ಹೊಳೆಯಿತು. ಇಷ್ಟು ಹಟಮಾರಿಯಾದ ಜಟ್ಟಪ್ಪನೇ ಒಪ್ಪಿದನೆಂದಮೇಲೆ ಉಳಿದವರು ಒಪ್ಪದೆ ಇರುತ್ತಾರೆಯೇ? ಕಡಲಿಗಿಳಿಯುವ ಪ್ರತಿ ದೋಣಿಯ ಪರವಾನಗಿಗೂ ಅದೇ ಮುಚ್ಚಳಿಕೆ ಕಡ್ಡಾಯವಾಗಲಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಿದರು. ಸರ್ಕಾರಕ್ಕೆ ಅದು ಹಿಡಿಸಿತು. ಊರೂರಿನ ಬಂದರಿನಲ್ಲಿ ಜಟ್ಟಪ್ಪನ ಮಾತನ್ನು ಓದಿ ಹೇಳಿ ರುಜು ಹಾಕಿಸಿಕೊಂಡರು.

ಆರನೆಯ ಪರಿಶೀಲನೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕುರ್ಚಿಗಳಲ್ಲಿ ಮತ್ತೆ ಹೊಸ ಮುಖಗಳು.

"ಕೊಟ್ಟ ಮಾತಿಗೆ ಈಗಲೂ ಬದ್ಧನಾಗಿದ್ದೀಯಾ?"

"ಈಗಷ್ಟೇ ಕೊಟ್ಟೆನಲ್ಲ ಒಡೆಯಾ. ಬದ್ಧ."

ಒಂಬತ್ತು ವರ್ಷ ಕಳೆದರೂ ಮಾತು ಒಂದಿಷ್ಟೂ ಅಲುಗಿಲ್ಲ ಎಂದು ಮಂಡಳಿ ಮೆಚ್ಚಿಕೊಂಡಿತು. ಬಿಡುಗಡೆಯ ಆದೇಶವಾಯಿತು. ಉಡಲು ಹೊಸ ಪಂಚೆ ಕೊಟ್ಟರು.

ಜಟ್ಟಪ್ಪ ಬಾಗಿಲು ದಾಟಿ ಪಡಸಾಲೆಗೆ ಬಂದ. ಅಲ್ಲಿ ಬೆಂಚಿನ ಮೇಲೆ ಕೋಲು ಹಿಡಿದು ಒಬ್ಬ ಮುದುಕರು ಕುಳಿತಿದ್ದರು. ಗಲಗಲಿಯವರನ್ನು ಅವನು ಗುರುತಿಸಿದ. ಅವರು ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಈ ಒಂದು ಕೆಲಸಕ್ಕಾಗಿ ಬಂದಿದ್ದರು.

"ಬಿಟ್ರು ಡಾಕ್ಟ್ರೇ," ಎಂದ ಜಟ್ಟಪ್ಪ. "ಮಾದೇವಿ ಎಲ್ಲಿ?"

"ಕೂತ್ಕೋ ಜಟ್ಟಪ್ಪ."

ಅವನು ಕೂರಲಿಲ್ಲ.

ಹೇಗೆ ಹೇಳಬೇಕೆಂದು ಗಲಗಲಿಯವರು ವಾರದಿಂದ ಯೋಚಿಸಿದ್ದರು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೋದ ವರ್ಷ ಅವಳು ಬೆಳಚು ಹೆಕ್ಕಲು ಪುಟ್ಟ ಪಾತಿ ದೋಣಿಯಲ್ಲಿ ಅಳಿವೆಗೆ ಹೋಗಿದ್ದಳು. ಇಳಿತದ ಸೆಳೆತಕ್ಕೆ ಸಿಕ್ಕಿ ದೋಣಿ ಅಳಿವೆ ದಾಟಿ ಕಡಲಿಗೆ ಹೋಗಿ ಮಗುಚಿತು. ಬೇರೆ ಬಂದರಿನ ಒಂದು ದೊಡ್ಡ ದೋಣಿ ಹತ್ತಿರದಲ್ಲೇ ಇತ್ತು. ನಾಲ್ಕು ಜನ ಇದ್ದರು. ನೀರಿನಲ್ಲಿದ್ದ ಹೆಂಗಸು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲ ದೋಣಿಯವರಂತೆ ಅವರೂ ಜಟ್ಟಪ್ಪನ ಮಾತನ್ನು ಓದಿಸಿ ಕೇಳಿ ಮುಚ್ಚಳಿಕೆಗೆ ರುಜು ಹಾಕಿದ್ದರು.

"ಕೂಗಿದ್ಲಾ?"

"ಕೂಗಿದಳಂತೆ. ಹೆಸರೂ ಹೇಳಿದಳಂತೆ. ಅವರು ಕಾವಲುಪಡೆಗೆ ಅನುಮತಿ ಕೇಳಿದರು. ಅಲ್ಲಿ ಗುರುತು ಪತ್ತೆ ಮಾಡಿ ಅನುಮತಿ ಕೊಟ್ಟರು. ಕೊಟ್ಟರು, ಇಲ್ಲ ಅನ್ನಲ್ಲ. ಆದರೆ ಅಷ್ಟರಲ್ಲಿ..."

ಜಟ್ಟಪ್ಪ ತಾನು ಬಂದ ಬಾಗಿಲ ಕಡೆ ನೋಡಿದ. ಆಗಷ್ಟೇ ಗಾಜಿನ ಹಿಂದೆ ಅವಳು ಇದ್ದಾಳೆಂಬ ಧೈರ್ಯದ ಮೇಲೆ ಅವನು ಆಣೆ ಮಾಡಿದ್ದ.

"ಕೈಯಳತೆಯಲ್ಲಿ ಇದ್ಲಾ?" ಎಂದು ಕೇಳಿದ.

ಗಲಗಲಿಯವರು ಹೌದೆಂದು ತಲೆಯಾಡಿಸಿದರು. ಆ ನಾಲ್ವರಲ್ಲಿ ಒಬ್ಬ ಆಮೇಲೆ ಕಡಲಿಗೆ ಇಳಿಯುವುದನ್ನೇ ಬಿಟ್ಟನೆಂದು ಹೇಳಿದರು. ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

"ಅವ್ರದ್ದು ತಪ್ಪಿಲ್ಲ," ಎಂದ ಜಟ್ಟಪ್ಪ. "ನನ್ನ ಮಾತನ್ನೇ ಅಲ್ವ್ರಾ ಅವ್ರಿಗೆ ಓದಿ ಹೇಳಿದ್ದು." ಆಮೇಲೆ, "ನನ್ನ ಮತ್ತೆ ಆ ಪೆಟ್ಟಿಗ್ಯಲ್ಲಿ ಮಲಗಿಸಿ ಡಾಕ್ಟ್ರೇ," ಎಂದ.

"ಆಗೋದಿಲ್ಲಪ್ಪ. ಬಿಡುಗಡೆ ಆದವರನ್ನ ಮಲಗಿಸೋ ಹಾಗಿಲ್ಲ. ನೀನೀಗ ಸ್ವತಂತ್ರ."

ಜಟ್ಟಪ್ಪ ತಿರುಗಿ ಬಂದ ಬಾಗಿಲಲ್ಲೇ ಒಳಗೆ ಹೋದ. ಮಂಡಳಿಯವರು ವಿರಾಮಕ್ಕೆಂದು ಎದ್ದು ಹೋಗಿದ್ದರು. ಗುಮಾಸ್ತನೊಬ್ಬ ನೀರಿನ ಲೋಟಗಳನ್ನು ಎತ್ತಿಡುತ್ತಿದ್ದ.

"ಬರ್ಕಳಿ ಒಡೆಯಾ," ಎಂದ ಜಟ್ಟಪ್ಪ. ಒಂದು ರಾತ್ರಿ ಬೇಕೆನ್ನಲಿಲ್ಲ, ನೀರಿನ ಮುಖ ನೋಡಬೇಕೆನ್ನಲಿಲ್ಲ. "ನಾ ಎತ್ತತೆ. ನೀರಲ್ಲಿ ಯಾರೇ ಇರ್ಲಿ, ಶತ್ರುನೇ ಇರ್ಲಿ, ಯಾರ್ನೂ ಕೇಳ್ದೆ ಎತ್ತತೆ. ಕೊಟ್ಟ ಮಾತು ವಾಪಸ್ಸು. ಬರ್ಕಳಿ."

ಗುಮಾಸ್ತ ಗಾಬರಿಯಿಂದ ಸುತ್ತ ನೋಡಿದ. ಒಳ್ಳೆಯ ಮನುಷ್ಯ. ಮನೆಗೆ ಹೊರಟವನನ್ನು ಮತ್ತೆ ಸಿಕ್ಕಿಸುವ ಇಚ್ಛೆ ಅವನಿಗಿರಲಿಲ್ಲ.

"ನಿನ್ನ ಕಲಾಪ ಮುಗೀತಪ್ಪ. ಏನೂ ಬರೆದುಕೊಳ್ಳೋದಿಲ್ಲ."

"ಇಷ್ಟು ಸಲ ಕೇಳಿದ್ರಲ್ಲ."

"ಕೇಳಿದ್ದರು. ಈಗ ಯಾರೂ ಕೇಳ್ತಾ ಇಲ್ಲ. ಹೋಗು, ಮನೆಗೆ ಹೋಗು."

ಅಷ್ಟರಲ್ಲಿ ಮುಂದಿನವನ ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದರು. ದಾರಿ ಬಿಡು ಎಂದರು. ಜಟ್ಟಪ್ಪ ಪಕ್ಕಕ್ಕೆ ಸರಿದು ನಿಂತ.